ಉತ್ತರ ಎರಡನೇ ಪುಟದಲ್ಲಿತ್ತು

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ತೋಟದ ಬೋರ್‌ವೆಲ್ ಮೋಟರು ಸುಟ್ಟುಹೋಯಿತು. ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಏಪ್ರಿಲ್ ಎಂದರೆ ವಾರ ನೀರು ಬಿಡದಿದ್ದರೆ ಅಡಿಕೆ ಗರಿ ಜೋತುಬೀಳುವ ಕಾಲ. ಹೊಸ ಮೋಟರು, ಕೇಬಲ್, ಪೈಪು ಎಲ್ಲ ಸೇರಿ 1.20 ಲಕ್ಷ ರೂಪಾಯಿ ಬೇಕಿತ್ತು. ಊರಿನಲ್ಲಿ ಕೈಸಾಲ ಕೊಡುವವರು ‘ಎರಡು ರೂಪಾಯಿ ಬಡ್ಡಿ’ ಎಂದರು. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ ಶೇ 24.

ಅಪ್ಪ ಒಪ್ಪಲಿಲ್ಲ. ‘ಎರಡು ರೂಪಾಯಿ ಬಡ್ಡಿಗೆ ತಂದು ಉದ್ಧಾರ ಆದೋರನ್ನ ನಾನು ನೋಡಿಲ್ಲ’ ಎಂದುಬಿಟ್ಟರು.

ಆ ಭಾನುವಾರ ಒಂದು ಫೈನಾನ್ಸ್ ಕಂಪನಿಯವರು ಮನೆಗೇ ಬಂದರು. ‘ವರ್ಷಕ್ಕೆ ಶೇ 12, ಫ್ಲಾಟ್. ನಿಮ್ಮ ಲೆಕ್ಕದಲ್ಲಿ ಒಂದೇ ರೂಪಾಯಿ ಬಡ್ಡಿ ಯಜಮಾನ್ರೇ. ಎರಡು ವರ್ಷ, ತಿಂಗಳಿಗೆ 6,200’ ಎಂದರು. ಅಪ್ಪ ಫೈಲನ್ನು ನನ್ನ ಕೈಗೆ ಕೊಟ್ಟು, ‘ನೀನು ಓದಿರೋಳು, ಒಂದ್ಸಲ ನೋಡಮ್ಮ’ ಎಂದರು.

ನಾನು ಮೊದಲ ಪುಟ ನೋಡಿ ಮೊಬೈಲ್‌ನಲ್ಲಿ ಗುಣಿಸಿದೆ. 1.20 ಲಕ್ಷಕ್ಕೆ ಶೇ 12ರಂತೆ ವರ್ಷಕ್ಕೆ 14,400. ಎರಡು ವರ್ಷಕ್ಕೆ 28,800. ಅಸಲು ಸೇರಿದರೆ 1,48,800. ಅದನ್ನು 24 ತಿಂಗಳಿಗೆ ಭಾಗಿಸಿದರೆ ಸರಿಯಾಗಿ 6,200. ‘ಲೆಕ್ಕ ಸರಿ ಇದೆ ಅಪ್ಪ’ ಎಂದೆ. ಅಪ್ಪ ಸಹಿ ಹಾಕಿದರು. ಪ್ರೊಸೆಸಿಂಗ್ ಫೀ ಎಂದು 3,000 ಹಿಡಿದುಕೊಂಡು ಉಳಿದ 1.17 ಲಕ್ಷ ಖಾತೆಗೆ ಬಂತು. ಮೋಟರು ಇಳಿಯಿತು, ತೋಟ ಉಳಿಯಿತು.

ನನ್ನ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇದ್ದವು. ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಆರು ತಿಂಗಳು ಬೇಕಾಯಿತು.

ಕಥೆ ಪೇಪರ್

ನಾನು ಓದಿಗಾಗಿ ಇರುವುದು ತುಮಕೂರಿನ ಬಟವಾಡಿಯಲ್ಲಿ. ಇಲ್ಲಿನ ಬಿ.ಎಚ್. ರಸ್ತೆಯಲ್ಲೇ ಬಸ್ ಹತ್ತಿದರೆ ಗುಬ್ಬಿ. ಸಂಬಳ, ಪಿಂಚಣಿ ಹಂಚುವುದಕ್ಕೆ ಕನ್ನಡದಲ್ಲಿ ಬಟವಾಡೆ ಎನ್ನುತ್ತಾರಲ್ಲ, ಅದನ್ನಿಟ್ಟುಕೊಂಡು ಅಪ್ಪ ಫೋನಿನಲ್ಲಿ ಆಗಾಗ ತಮಾಷೆ ಮಾಡುತ್ತಾರೆ: ‘ಬಟವಾಡಿಯಲ್ಲಿದ್ದೀಯ, ಬಟವಾಡೆ ಯಾವಾಗಮ್ಮ?’ ಅಂದರೆ ನನಗೆ ಕೆಲಸ ಸಿಕ್ಕಿ ಸಂಬಳ ಬರುವುದು ಯಾವಾಗ ಎಂದು.

ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿ ನಮಗೆ ಎಂಜಿನಿಯರಿಂಗ್ ಎಕನಾಮಿಕ್ಸ್ ಎಂಬ ಪೇಪರ್ ಬಂತು. ಸೀನಿಯರ್‌ಗಳು ಅದಕ್ಕೆ ‘ಕಥೆ ಪೇಪರ್’ ಎಂದು ಹೆಸರಿಟ್ಟಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದರೂ ಪಾಸು, ಬೇಡಿಕೆ-ಪೂರೈಕೆ ರೇಖೆ ಎಳೆದು ನಾಲ್ಕು ಪುಟ ತುಂಬಿಸಿದರೆ ಸಾಕು ಎಂಬುದು ಅವರ ಉಪದೇಶ. ನಾವೂ ಆ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದೆವು.

ಅಕ್ಟೋಬರ್‌ನ ಒಂದು ದಿನ ಮೇಡಂ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದರು. ಗೆರೆಯ ಆರಂಭದಲ್ಲಿ ಮೇಲಕ್ಕೊಂದು ದೊಡ್ಡ ಬಾಣ, ಆಮೇಲೆ ಸಾಲಾಗಿ ಕೆಳಕ್ಕೆ ಚಿಕ್ಕ ಚಿಕ್ಕ ಬಾಣಗಳು. ‘ಮೇಲಿನ ಬಾಣ ನಿಮಗೆ ಬಂದ ದುಡ್ಡು. ಕೆಳಗಿನವು ನೀವು ಕೊಡುವ ಕಂತು. ಇದಕ್ಕೆ ಕ್ಯಾಶ್ ಫ್ಲೋ ಡಯಾಗ್ರಾಂ ಅಂತಾರೆ. ಬೇರೆ ಬೇರೆ ದಿನದ ದುಡ್ಡನ್ನು ಹಾಗೆಯೇ ಕೂಡಬಾರದು, ಕಳೆಯಬಾರದು. ಎಲ್ಲವನ್ನೂ ಒಂದೇ ದಿನಕ್ಕೆ ತಂದು ಹೋಲಿಸಬೇಕು’ ಎಂದರು.

ಹೊರಗಿನಿಂದ ನೋಡಿದರೆ ಇದು ದೊಡ್ಡ ಸಿದ್ಧಾಂತ. ಆದರೆ ನಮ್ಮ ಕಡೆ ಅಡಿಕೆ ಬೆಳೆಯುವವರಿಗೆಲ್ಲ ಗೊತ್ತಿರುವ ವಿಷಯ. ಕೊಯ್ಲಿಗೆ ತಿಂಗಳುಗಟ್ಟಲೆ ಮೊದಲೇ ತೋಟವನ್ನು ಚೇಣಿಗೆ ಕೊಟ್ಟರೆ ಕೈಗೆ ಮುಂಗಡ ಬರುತ್ತದೆ, ಆದರೆ ಬೆಲೆ ಕಡಿಮೆ. ನಾವೇ ಕೊಯ್ದು, ಬೇಯಿಸಿ, ಒಣಗಿಸಿ ಮಾರಿದರೆ ದುಡ್ಡು ತಡ, ಆದರೆ ಹೆಚ್ಚು. ಕೊಯ್ಲು, ಬೇಯಿಸುವ ಖರ್ಚು, ಬೆಳೆಯ ಅಪಾಯ ಇವನ್ನೆಲ್ಲ ಕಳೆದ ಮೇಲೂ ಚೇಣಿದಾರ ಇನ್ನಷ್ಟು ಕಡಿಮೆ ಮಾಡುತ್ತಾನಲ್ಲ, ಅದು ಮೊದಲೇ ದುಡ್ಡು ಕೊಟ್ಟದ್ದಕ್ಕೆ ಅವನು ಹಿಡಿದುಕೊಳ್ಳುವ ಬಡ್ಡಿ. ಪಠ್ಯಪುಸ್ತಕದಲ್ಲಿ ಅದರ ಹೆಸರು ಡಿಸ್ಕೌಂಟಿಂಗ್. ಅಪ್ಪನಿಗೆ ಆ ಪದ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ನನಗೆ ಪದ ಗೊತ್ತಿತ್ತು, ವಿಷಯ ಆ ದಿನ ಗೊತ್ತಾಯಿತು.

ಬೋರ್ಡಿನ ಮೇಲಿನ ಬಾಣಗಳನ್ನು ನೋಡುತ್ತ ಕುಳಿತವಳಿಗೆ ನಮ್ಮ ಮನೆಯ ಸಾಲ ನೆನಪಾಯಿತು. ಲ್ಯಾಬ್ ರೆಕಾರ್ಡ್ ಮುಚ್ಚಿದೆ.

ಆ ರಾತ್ರಿಯ ಲೆಕ್ಕ

ರೂಮಿಗೆ ಬಂದು ನೋಟ್‌ಬುಕ್ಕಿನಲ್ಲಿ ಬಾಣಗಳನ್ನು ಎಳೆದೆ. ಮೇಲಕ್ಕೆ 1.20 ಲಕ್ಷ. ಕೆಳಕ್ಕೆ 6,200ರ 24 ಬಾಣ.

ಕಂಪನಿಯವರು ಬಾಯಲ್ಲಿ ಹೇಳಿದ ಪ್ರಕಾರ ತಿಂಗಳ 6,200ರಲ್ಲಿ 5,000 ಅಸಲು, 1,200 ಬಡ್ಡಿ. ಅಂದರೆ ಒಂದು ವರ್ಷಕ್ಕೆ 60,000 ಅಸಲು ತೀರಿರುತ್ತದೆ, ಉಳಿಯುವುದು 60,000. ಆದರೆ ಹದಿಮೂರನೇ ತಿಂಗಳಲ್ಲೂ ಬಡ್ಡಿ ಅದೇ 1,200! ಕೊನೆಯ ತಿಂಗಳು ಉಳಿದಿರುವ ಸಾಲ ಬರೀ 5,000. ಅದಕ್ಕೂ ಬಡ್ಡಿ 1,200! ವಾಪಸ್ ಕೊಟ್ಟ ದುಡ್ಡಿಗೂ ಕೊನೆಯವರೆಗೆ ಬಡ್ಡಿ ಕಟ್ಟುವುದೇ ಫ್ಲಾಟ್ ರೇಟ್. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವುದು ರೆಡ್ಯೂಸಿಂಗ್ ಬ್ಯಾಲೆನ್ಸ್. ಎರಡಕ್ಕೂ ‘ಶೇ 12’ ಎಂದೇ ಹೇಳಬಹುದು. ಆದರೆ ಇದೇ ಸಾಲಕ್ಕೆ ಎರಡನೇ ವಿಧಾನದಲ್ಲಿ ಶೇ 12 ಹಾಕಿದರೆ ಕಂತು 5,649 ರೂಪಾಯಿ. ತಿಂಗಳಿಗೆ 551ರ ವ್ಯತ್ಯಾಸ, ಎರಡು ವರ್ಷಕ್ಕೆ 13 ಸಾವಿರಕ್ಕೂ ಹೆಚ್ಚು.

ಹಾಗಾದರೆ ನಮ್ಮ ಸಾಲದ ನಿಜವಾದ ದರ ಎಷ್ಟು? ಈ ಸಮೀಕರಣವನ್ನು ನೇರವಾಗಿ ಬಿಡಿಸಲು ಬರುವುದಿಲ್ಲ. ಒಂದು ದರ ಊಹಿಸಿ, ಹಾಕಿ ನೋಡಿ, ತಿದ್ದಬೇಕು. ಎಕ್ಸೆಲ್‌ನಲ್ಲಿ ಇದಕ್ಕೆಂದೇ ‘ರೇಟ್’ ಎಂಬ ಫಂಕ್ಷನ್ ಇದೆ. ಕಂತುಗಳ ಸಂಖ್ಯೆ 24, ಕಂತು ಮೈನಸ್ 6200, ಸಾಲ 120000 ಎಂದು ಕೊಟ್ಟರೆ ತಿಂಗಳ ದರ ಬರುತ್ತದೆ. ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ತಿಂಗಳಿಗೆ ಶೇ 1.8, ವರ್ಷಕ್ಕೆ ಶೇ 21.6. ಆಮೇಲೆ ನೆನಪಾಯಿತು, ನಮ್ಮ ಕೈಗೆ ಬಂದದ್ದು 1.20 ಲಕ್ಷ ಅಲ್ಲ, 1.17 ಲಕ್ಷ. ಅದನ್ನು ಹಾಕಿದೆ. ಶೇ 24.2.

ನಂಬಿಕೆ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಬೀರುವಿನಲ್ಲಿರುವ ಆ ಫೈಲಿನ ಎಲ್ಲ ಪುಟಗಳ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡು ಎಂದೆ. ಎರಡನೇ ಪುಟದ ತಲೆಬರಹ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’. ಸಾಲದ ಮುಖ್ಯ ಸಂಗತಿಗಳ ಹಾಳೆ. ಕನ್ನಡದಲ್ಲೇ ಇತ್ತು. ನಡುವೆ ಒಂದು ಸಾಲು: ವಾರ್ಷಿಕ ಶೇಕಡಾವಾರು ದರ (ಎಪಿಆರ್) — 24.24.

ನಿಜ ಹೇಳಬೇಕೆಂದರೆ ನನಗೆ ಮೊದಲು ಆದದ್ದು ಖುಷಿ. ಪುಸ್ತಕದ ಹಿಂದಿನ ಪುಟದ ಉತ್ತರಕ್ಕೆ ನಮ್ಮ ಉತ್ತರ ತಾಳೆಯಾದಾಗ ಆಗುತ್ತದಲ್ಲ, ಅಂಥದ್ದೇ ಖುಷಿ. ‘ಬಂತು ಕಣೇ!’ ಎಂದು ರೂಮ್‌ಮೇಟ್‌ಗೆ ಕೂಗಿ ಹೇಳಿದೆ. ಆಮೇಲೆ ಅರ್ಥವಾಯಿತು, ಆ ಉತ್ತರ ಏಪ್ರಿಲ್‌ನಲ್ಲೇ ನನ್ನ ಕೈಯಲ್ಲಿತ್ತು ಎಂದು. ಪುಟ ತಿರುವಿರಲಿಲ್ಲ, ಅಷ್ಟೇ. ಅಪ್ಪ ಬೇಡವೆಂದು ಬಿಟ್ಟುಬಂದ ಎರಡು ರೂಪಾಯಿ ಬಡ್ಡಿಗೇ ಮಗಳು ಸಹಿ ಹಾಕಿಸಿದ್ದಳು.

ಅಪ್ಪನ ಪ್ರಶ್ನೆ

ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಫೋನ್ ಮಾಡಿದೆ. ಶೇಕಡಾ, ಸಮೀಕರಣ ಏನೂ ಹೇಳದೆ, ‘ಅಪ್ಪ, ಅದು ಒಂದು ರೂಪಾಯಿ ಬಡ್ಡಿ ಅಲ್ಲ, ಎರಡು ರೂಪಾಯಿ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೈಯುತ್ತಾರೆ ಎಂದುಕೊಂಡೆ. ಅಪ್ಪ ಕೇಳಿದ್ದು ಬೇರೆ.

‘ಸರಿ. ಆವತ್ತು ಮೋಟರು ಇಳಿಸದೆ ತೋಟ ಒಣಗಿದ್ರೆ ಅದರ ಬಡ್ಡಿ ಎಷ್ಟು ಅಂತ ನಿನ್ನ ಪುಸ್ತಕದಲ್ಲಿದೆಯಾ?’

ನನ್ನಲ್ಲಿ ಉತ್ತರ ಇರಲಿಲ್ಲ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಒಣಗಿದ ತೋಟಕ್ಕೆ ಹೋಲಿಸಿದರೆ ಶೇ 24 ಏನೂ ಅಲ್ಲ. ಮರುದಿನ ಈ ಪ್ರಶ್ನೆಯನ್ನು ಮೇಡಂ ಮುಂದೆ ಇಟ್ಟೆ. ಅವರು ನಕ್ಕು, ‘ನಿಮ್ಮಪ್ಪ ನಮ್ಮ ಮುಂದಿನ ಮಾಡ್ಯೂಲ್ ಕೇಳಿದ್ದಾರೆ’ ಎಂದರು. ಪರ್ಯಾಯಗಳ ಹೋಲಿಕೆ ಎಂಬ ಆ ಅಧ್ಯಾಯದಲ್ಲಿ ‘ಏನೂ ಮಾಡದೆ ಸುಮ್ಮನಿರುವುದು’ ಕೂಡ ಒಂದು ಪರ್ಯಾಯ. ಅದಕ್ಕೂ ಬೆಲೆ ಕಟ್ಟಬೇಕು. ಸಾಲ ದುಬಾರಿಯೇ ಎಂದು ಕೇಳುವ ಮೊದಲು ಯಾವುದಕ್ಕಿಂತ ದುಬಾರಿ ಎಂದು ಕೇಳಬೇಕು.

ಹಾಗೆ ಕೇಳಿದ್ದರೆ ಏಪ್ರಿಲ್‌ನಲ್ಲಿ ನಮ್ಮ ಮುಂದೆ ಇನ್ನೂ ದಾರಿಗಳಿದ್ದವು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮದೇ ರಾಜ್ಯದ ಗದಗ ಸೀಮೆಯ ಕಣಗಿನಹಾಳದಲ್ಲಿ. 2023-24ರ ರಾಜ್ಯ ಬಜೆಟ್‌ನಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ, ಶೇ 3ರ ಬಡ್ಡಿಯ ಮಧ್ಯಮ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಗಿತ್ತು. ಸಂಘದ ಸಾಲ ಒಂದು ವಾರದಲ್ಲಿ ಕೈಗೆ ಬರುವುದಿಲ್ಲ, ನಿಜ. ಅಪ್ಪನ ಅವಸರ ಸುಳ್ಳಲ್ಲ. ಆದರೆ ಅವಸರಕ್ಕೆ ತಿಂಗಳಿಗೆ ಎಷ್ಟು ತೆರುತ್ತಿದ್ದೇವೆ ಎಂಬುದು ಗೊತ್ತಿದ್ದು ಸಹಿ ಹಾಕುವುದಕ್ಕೂ ಗೊತ್ತಿಲ್ಲದೆ ಹಾಕುವುದಕ್ಕೂ ವ್ಯತ್ಯಾಸ ಇದೆ. ನಾನು ಅಪ್ಪನಿಂದ ಕಿತ್ತುಕೊಂಡದ್ದು ಆ ತಿಳಿವಳಿಕೆಯನ್ನು.

ಡಿಸೆಂಬರ್‌ನಲ್ಲಿ ಅಡಿಕೆ ದುಡ್ಡು ಬಂತು. ಅದರಲ್ಲಿ ನನಗೊಂದು ಲ್ಯಾಪ್‌ಟಾಪ್ ಎಂದು ಮಾತಾಗಿತ್ತು. ಅಷ್ಟರಲ್ಲಿ ಎಂಟು ಕಂತು ಮುಗಿದಿದ್ದವು. ಉಳಿದ ಹದಿನಾರಕ್ಕೆ ಕಟ್ಟಬೇಕಾದದ್ದು 99,200. ಆಗಲೇ ಮುಗಿಸಿದರೆ? ಬಾಯಿಲೆಕ್ಕದಲ್ಲಿ ಬಾಕಿ ಅಸಲು 80,000 ಇರಬೇಕಿತ್ತು. ಕಂಪನಿಯ ಕಂತುಪಟ್ಟಿಯಲ್ಲಿದ್ದದ್ದು 85,545. ಏಕೆಂದರೆ ಆ ಪಟ್ಟಿಯಲ್ಲಿ ಬಡ್ಡಿ ಮೊದಲ ಕಂತುಗಳಲ್ಲೇ ಹೆಚ್ಚು ಮುರಿದುಕೊಳ್ಳುತ್ತದೆ. ಮೊದಲ ಕಂತಿನಲ್ಲಿ 2,157 ಬಡ್ಡಿ, ಕೊನೆಯದರಲ್ಲಿ 109. ಅವಧಿಗೆ ಮೊದಲೇ ಮುಗಿಸುವ ಶುಲ್ಕ ಶೇ 4, ಅದರ ಮೇಲೆ ಜಿಎಸ್‌ಟಿ. ಒಟ್ಟು 89,583. ಉಳಿಯುವುದು 9,600 ರೂಪಾಯಿ.

ಇಲ್ಲಿ ಮತ್ತೆ ಮೇಡಂ ಮಾತು ನೆನಪಾಯಿತು. ಬೇರೆ ಬೇರೆ ದಿನದ ದುಡ್ಡನ್ನು ಹಾಗೇ ಕಳೆಯಬಾರದು. ಕೈಯಲ್ಲಿರುವ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಶೇ 7 ಬಡ್ಡಿ ಪಡೆಯುತ್ತ ಕಂತು ಕಟ್ಟುತ್ತಿದ್ದರೆ? ಆ ದರದಲ್ಲಿ 16 ಕಂತುಗಳ ಇಂದಿನ ಮೌಲ್ಯ ಸುಮಾರು 94,450. ಅಂದರೆ ನಿಜವಾದ ಉಳಿತಾಯ 9,600 ಅಲ್ಲ, 4,900ದ ಆಸುಪಾಸು. ಎರಡೂ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದು ಅಪ್ಪನಿಗೆ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, ‘ಐದು ಸಾವಿರ ದೊಡ್ಡದಲ್ಲ. ಆದ್ರೆ ತಿಂಗಳ ಐದನೇ ತಾರೀಕು ಬಂದ್ರೆ ಎದೆ ಹೊಡ್ಕೊಳ್ತದಲ್ಲ, ಅದು ನಿಲ್ಲಲಿ’ ಎಂದರು. ಸಾಲ ಮುಗಿಸಿದೆವು. ಲ್ಯಾಪ್‌ಟಾಪ್ ಮುಂದಿನ ಬೆಳೆಗೆ ಹೋಯಿತು. ಅಲ್ಲಿಯವರೆಗೆ ರೂಮ್‌ಮೇಟ್ ಮಲಗಿದ ಮೇಲೆ ಅವಳ ಲ್ಯಾಪ್‌ಟಾಪ್ ನನ್ನದು.

ಎಂಜಿನಿಯರ್‌ಗೆ ಇದೆಲ್ಲ ಯಾಕೆ?

ಈ ಪ್ರಶ್ನೆ ನಮ್ಮ ಕ್ಲಾಸಿನಲ್ಲಿ ಪ್ರತಿ ವರ್ಷ ಏಳುತ್ತದೆ. ಆದರೆ ಈ ವಿಷಯವನ್ನು ಹುಟ್ಟುಹಾಕಿದವರಲ್ಲಿ ಎಂಜಿನಿಯರ್‌ಗಳೇ ಮೊದಲಿಗರು. ಅಮೆರಿಕದ ಸಿವಿಲ್ ಎಂಜಿನಿಯರ್ ಆರ್ಥರ್ ವೆಲಿಂಗ್ಟನ್ 1877ರಲ್ಲಿ ಪುಸ್ತಕ ಬರೆದದ್ದು, ರೈಲು ಹಳಿಯನ್ನು ಎಲ್ಲಿ ಹಾಕಿದರೆ ಹಾಕಿದ ದುಡ್ಡು ಸಾರ್ಥಕ ಎಂಬ ಪ್ರಶ್ನೆಯ ಮೇಲೆ. ಅಷ್ಟು ದೂರ ಏಕೆ, ನಮ್ಮ ವಿಟಿಯು ಹೆಸರಿನಲ್ಲಿರುವ ವಿಶ್ವೇಶ್ವರಯ್ಯನವರನ್ನೇ ನೋಡಿ. ನಾವು ಅವರನ್ನು ಕನ್ನಂಬಾಡಿ ಕಟ್ಟೆಯ ಜೊತೆ ನೆನೆಯುತ್ತೇವೆ. ಅವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯಿತು. 1934ರಲ್ಲಿ ಅವರು ಬರೆದ ಪುಸ್ತಕದ ಹೆಸರು ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’. ಕಟ್ಟೆ ಕಟ್ಟಿದ ಎಂಜಿನಿಯರ್ ದೇಶದ ಅರ್ಥವ್ಯವಸ್ಥೆಯ ಬಗ್ಗೆ ಬರೆದರು. ನಾವು ಅದೇ ವಿಷಯವನ್ನು ಕಥೆ ಪೇಪರ್ ಎನ್ನುತ್ತೇವೆ.

ಕೆಲಸ ಹುಡುಕುವವರಿಗಂತೂ ಇದು ನೇರ ಉಪಯೋಗದ ವಿಷಯ. ರಿಸರ್ವ್ ಬ್ಯಾಂಕಿನ ಗ್ರೇಡ್-ಬಿ ಅಧಿಕಾರಿ ಹುದ್ದೆಯ ಎರಡನೇ ಹಂತದ ಪರೀಕ್ಷೆಯಲ್ಲಿ ಆರ್ಥಿಕ ಮತ್ತು ಸಾಮಾಜಿಕ ವಿಷಯಗಳು, ಹಣಕಾಸು ಮತ್ತು ನಿರ್ವಹಣೆ ಎಂಬ ಪತ್ರಿಕೆಗಳೇ ಇವೆ. ಬ್ಯಾಂಕ್ ಪರೀಕ್ಷೆಗಳಲ್ಲೂ ಕೆಪಿಎಸ್‌ಸಿ ಪರೀಕ್ಷೆಗಳಲ್ಲೂ ಅರ್ಥಶಾಸ್ತ್ರ ಬಿಟ್ಟು ಮುಂದೆ ಹೋಗುವಂತಿಲ್ಲ. ಕಾಲೇಜಿನ ಪಾಠ ಸಾಲದಿದ್ದರೆ ಸ್ವಯಂ ಪೋರ್ಟಲ್‌ನಲ್ಲಿ ಇವುಗಳ ಪಾಠ ಉಚಿತವಾಗಿ ಕೇಳಬಹುದು.

ಶಿಕ್ಷಣ ಸಾಲ ತೆಗೆದವರು ನಮ್ಮಲ್ಲಿ ಎಷ್ಟೋ ಜನ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಇರುವುದಿಲ್ಲ. ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಮೊದಲ ವರ್ಷ ತೆಗೆದ 1 ಲಕ್ಷಕ್ಕೆ ಶೇ 10ರ ಸರಳ ಬಡ್ಡಿ ಎಂದು ಹಿಡಿದರೂ, ನಾಲ್ಕು ವರ್ಷದ ಓದು ಮತ್ತು ಒಂದು ವರ್ಷದ ಬಿಡುವು ಮುಗಿಯುವ ಹೊತ್ತಿಗೆ 50 ಸಾವಿರ ಬಡ್ಡಿ ಸೇರಿರುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ನಿಗದಿತ ಮಾನ್ಯತೆಯುಳ್ಳ ಕಾಲೇಜಿನಲ್ಲಿ ವೃತ್ತಿಪರ ಕೋರ್ಸ್ ಓದುವವರಿಗೆ ಈ ಅವಧಿಯ ಬಡ್ಡಿಯನ್ನು ಭರಿಸುವ ಕೇಂದ್ರ ಸರ್ಕಾರದ ಯೋಜನೆ ಇದೆ. ನವೆಂಬರ್ 2024ರಲ್ಲಿ ಒಪ್ಪಿಗೆ ಸಿಕ್ಕ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದ, 8 ಲಕ್ಷದೊಳಗಿನ ಆದಾಯದ ಕುಟುಂಬದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ನಿಮ್ಮ ಬ್ಯಾಂಕಿನಲ್ಲಿ ಒಮ್ಮೆ ಕೇಳಿ.

ಇನ್ನು ಆ ಎರಡನೇ ಪುಟದ ಬಗ್ಗೆ. ಅದು ಕಂಪನಿಯ ಔದಾರ್ಯವಲ್ಲ. ರಿಸರ್ವ್ ಬ್ಯಾಂಕ್ ಏಪ್ರಿಲ್ 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅದೇ ವರ್ಷ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಜನಸಾಮಾನ್ಯರಿಗೆ ಕೊಡುವ ಹೊಸ ಸಾಲಗಳಿಗೆಲ್ಲ ಈ ಹಾಳೆ ಕೊಡಲೇಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರಲ್ಲಿರುವುದನ್ನು ವಿವರಿಸಿ ಹೇಳಬೇಕು. ಬಡ್ಡಿಯ ಜೊತೆ ಶುಲ್ಕಗಳನ್ನೂ ಸೇರಿಸಿದ ಎಪಿಆರ್ ಇರಬೇಕು, ಕಂತುಪಟ್ಟಿ ಇರಬೇಕು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ, ಹಾಳೆ ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಅದೇ ಷರತ್ತುಗಳಿಗೆ ಸಾಲ ಕೊಡುವವರು ಬದ್ಧರಾಗಿರಬೇಕು. ‘ಇವತ್ತೇ ಸಹಿ ಹಾಕಿದರೆ ಮಾತ್ರ ಈ ರೇಟು’ ಎಂದು ಯಾರಾದರೂ ಹೇಳಿದರೆ ಆ ಮೂರು ದಿನವನ್ನು ನೆನಪಿಸಿಕೊಳ್ಳಿ. ಅಷ್ಟು ಹೊತ್ತಿನಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಿ ಕೇಳಿ ಬರಬಹುದು.

ನಮ್ಮ ಮನೆಗಳಲ್ಲಿ ಮೊದಲ ಸಲ ಕಾಲೇಜು ಕಂಡವರು ನಾವು. ಮನೆಗೆ ಯಾವ ಕಾಗದ ಬಂದರೂ ನಮ್ಮ ಕೈಗೇ ಕೊಡುತ್ತಾರೆ. ನಾವು ‘ಸರಿ ಇದೆ’ ಎಂದರೆ ಅವರಿಗೆ ಅದೇ ಕೊನೆಯ ಮಾತು. ಆ ಪೇಪರಿನಲ್ಲಿ ನನಗೆ ಎಷ್ಟು ಅಂಕ ಬಂತು ಎಂದು ಅಪ್ಪ ಇವತ್ತಿನವರೆಗೆ ಕೇಳಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಪಕ್ಕದ ಮನೆಯವರು ಒಂದು ಫೈಲು ಹಿಡಿದು ನಮ್ಮ ಜಗಲಿಗೆ ಬಂದರು. ಟಿಲ್ಲರ್ ಸಾಲವಂತೆ. ‘ನಿಮ್ಮ ಮಗಳಿಗೆ ತೋರಿಸೋಣ ಅಂತ ಬಂದೆ’ ಎಂದರು. ನಾನು ಎಳ್ಳು-ಬೆಲ್ಲದ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು ಫೈಲು ಬಿಚ್ಚಿಯಾಗಿತ್ತು. ಮೊದಲ ಪುಟವನ್ನು ನೋಡಲೇ ಇಲ್ಲ. ನೇರ ಎರಡನೆಯದಕ್ಕೆ ಹೋಗಿ, ಬೆರಳು ಇಟ್ಟು, ಒಂದೊಂದೇ ಸಾಲು ಇಳಿಯುತ್ತಿದ್ದರು.